ಪರ-ವಿರೋಧ: ಪರ್ಷಿಯಾದ ಹಳೆಯ ನಾಣ್ಯಗಳು ನಮ್ಮಂಥವರ ಮನೆಯಲ್ಲಿರಬೇಕೆ?

ಪರ: ಕೈಗೆ ಬಂದ ಮೇಲೆಯೇ ಓದಲು ಕೂತೆ

ನನ್ನ ಹತ್ತಿರ ಒಂದು ಬೆಳ್ಳಿ ನಾಣ್ಯ ಇದೆ. ಹಪ್ಪಳದ ಹಾಗೆ ಅಗಲ, ತೆಳು. ತೂಕ ನಾಲ್ಕು ಗ್ರಾಂ. ಲಂಡನ್‌ನಲ್ಲಿ ಕೆಲಸಕ್ಕಿದ್ದಾಗ ಒಂದು ನಾಣ್ಯ ಮೇಳದಲ್ಲಿ ಕೊಂಡೆ. ಒಂದು ಜೊತೆ ಶೂಗಿಂತ ಅಗ್ಗವಾಗಿ ಸಿಕ್ಕಿತು. ಒಂದು ಕಡೆ ರೆಕ್ಕೆಯ ಕಿರೀಟ ತೊಟ್ಟ ರಾಜ. ಇನ್ನೊಂದು ಕಡೆ ಉರಿಯುವ ಅಗ್ನಿವೇದಿ, ಅದರ ಎರಡೂ ಪಕ್ಕ ಒಬ್ಬೊಬ್ಬ ಕಾವಲುಗಾರ. ‘ಎರಡನೇ ಖುಸ್ರೋ, ಸಸಾನಿ ದೊರೆ’ ಎಂದ ಅಂಗಡಿಯವನು. ಸಸಾನಿಗಳು ಎಂದರೆ ಇಸ್ಲಾಂ ಬರುವ ಮುಂಚೆ ಪರ್ಷಿಯಾ, ಅಂದರೆ ಇಂದಿನ ಇರಾನ್, ಆಳಿದ ರಾಜವಂಶ. ಖುಸ್ರೋ ಯಾರು ಎಂದು ಆಗ ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು ಭೂತಗನ್ನಡಿ ಹಿಡಿದು ಕೂತೆ. ವೇದಿಯ ಬಲಕ್ಕೆ ಇರುವುದು ಟಂಕಸಾಲೆಯ ಗುರುತು. ಎಡಕ್ಕೆ ಇರುವುದು ರಾಜ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಎಂಬ ಲೆಕ್ಕ. ಬರೆದಿರುವುದು ಪರ್ಷಿಯಾದ ಹಳೆಯ ಪಹ್ಲವಿ ಲಿಪಿಯಲ್ಲಿ. ಅದರಲ್ಲಿ ಹಲವು ಅಕ್ಷರಗಳಿಗೆ ಒಂದೇ ಆಕಾರ. ಎಡಗಡೆಯ ಆ ಒಂದು ಪದ ಓದಲು ನನಗೆ ಮೂರು ವಾರ ಹಿಡಿಯಿತು. ಕೊನೆಗೆ ಒಂದು ರಾತ್ರಿ ಅಕ್ಷರ ಬಿಡಿಬಿಡಿಯಾಗಿ ಕಂಡಿತು. ಮೂವತ್ತಾರು!

ಖುಸ್ರೋ ಪಟ್ಟಕ್ಕೆ ಬಂದದ್ದು 590ರಲ್ಲಿ. ಅಲ್ಲಿಂದ 36ನೇ ವರ್ಷ ಎಂದರೆ 625-26. ಇತಿಹಾಸಕಾರ ತಬರಿ ಒಂದು ಸಂಗತಿ ಬರೆದಿದ್ದಾನೆ. ಖುಸ್ರೋನ 36ನೇ ವರ್ಷದಲ್ಲಿ ಹಿಂದ್ ದೇಶದ ರಾಜನೊಬ್ಬ ಅವನಿಗೂ ಅವನ ಮಕ್ಕಳಿಗೂ ಪತ್ರ, ಉಡುಗೊರೆ ಕಳಿಸಿದನಂತೆ. ಆ ರಾಜ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಬಾದಾಮಿಯ ದೂತರು ಪರ್ಷಿಯಾದ ಬೀದಿಯಲ್ಲಿ ಓಡಾಡಿದ ವರ್ಷವೇ ಅಚ್ಚಾದ ನಾಣ್ಯ ನನ್ನ ಅಂಗೈಯಲ್ಲಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಪುಲಕೇಶಿ ಅವತ್ತು ಮೊದಲ ಸಲ ನಿಜವಾದ ಮನುಷ್ಯನಾದ.

ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ನಾಣ್ಯ ಕೈಯಲ್ಲಿದ್ದರೆ ಅದು ಓದಿಸುತ್ತದೆ. ಗಾಜಿನ ಆಚೆ ಇರುವುದನ್ನು ಎರಡು ನಿಮಿಷ ನೋಡಿ ಮುಂದೆ ಹೋಗುತ್ತೇವೆ, ಅಲ್ವಾ? ಕೈಯಲ್ಲಿರುವುದು ಬಿಡುವುದಿಲ್ಲ. ಖುಸ್ರೋನಿಂದ ನಾನು ಅವನ ಮಗಳು ಬೋರಾನ್ ಹತ್ತಿರ ಹೋದೆ. 630ರ ಸುಮಾರಿನಲ್ಲಿ ರಾಣಿಯಾಗಿ ತನ್ನ ಹೆಸರಿನಲ್ಲೇ ನಾಣ್ಯ ಹೊರಡಿಸಿದವಳು. ಅಲ್ಲಿಂದ ಹಿಂದಕ್ಕೆ, ಪೆರೋಜ್ ಹತ್ತಿರ. ಹೂಣರ ಕೈಗೆ ಸೆರೆಸಿಕ್ಕಿ, ಬಿಡುಗಡೆಗೆ ಬೆಳ್ಳಿ ತೆತ್ತ ರಾಜ ಅವನು. ಅವನ ನಾಣ್ಯ ಹೂಣರ ಮೂಲಕ ನಮ್ಮ ದೇಶಕ್ಕೆ ಬಂತು. ಗುಜರಾತ್, ರಾಜಸ್ಥಾನದ ಕಡೆ ಅದನ್ನು ನೋಡಿ ನೋಡಿ ಅಚ್ಚು ಹಾಕಿದರು. ಶತಮಾನ ಕಳೆದಂತೆ ರಾಜನ ಮುಖ ಬರೀ ಗೆರೆ, ಚುಕ್ಕಿ ಆಯಿತು. ಅದೇ ಗಧೈಯಾ ನಾಣ್ಯ. ನನ್ನ ಹತ್ತಿರ ಇರುವಂಥ ಸಸಾನಿ ಬೆಳ್ಳಿ ನಾಣ್ಯದ ಹೆಸರು ಡ್ರಾಕ್ಮ್. ಅದಕ್ಕೂ ನಮ್ಮ ಶಾಸನಗಳ ‘ದ್ರಮ್ಮ’ಕ್ಕೂ ಮೂಲ ಒಂದೇ, ಗ್ರೀಕರ ಡ್ರಾಕ್ಮಾ.

ಸಂಗ್ರಹಕಾರರು ಸುಮ್ನೆ ಶೋಕಿ ಮಾಡುವವರು ಎನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. ಮುಂಬೈಯ ಪಾರ್ಸಿ ಸಂಗ್ರಹಕಾರ ಫರ್ದೂನ್‌ಜೀ ಪಾರುಕ್ ಸಸಾನಿ ನಾಣ್ಯಗಳ ಬಗ್ಗೆ 1924ರಲ್ಲೇ ದೊಡ್ಡ ಗ್ರಂಥ ತಂದರು. ಸಸಾನಿಗಳಿಗಿಂತ ಮೊದಲು ಪರ್ಷಿಯಾ ಆಳಿದ ಪಾರ್ಥಿಯನ್ನರ ನಾಣ್ಯಗಳಿಗೆ ಇವತ್ತೂ ಎಲ್ಲರೂ ಬಳಸುವುದು ಡೇವಿಡ್ ಸೆಲ್‌ವುಡ್ ಕೊಟ್ಟ ಕ್ರಮಸಂಖ್ಯೆ. ಅವರು ವೃತ್ತಿಯಲ್ಲಿ ಎಂಜಿನಿಯರ್.

ಕಳವಿನ ಮಾಲು ಎಂಬ ಮಾತು ಬರುತ್ತದೆ. ಕಳ್ಳರು ಎಲ್ಲ ಕಡೆಯೂ ಇದ್ದಾರೆ. ಹಾಗಂತ ಭೂತಗನ್ನಡಿ ಹಿಡಿದು ಕೂತವನನ್ನು ಕಳ್ಳ ಎನ್ನುವುದು ಅನ್ಯಾಯ.

ವಿರೋಧ: ನೆಲ ಬಿಟ್ಟ ನಾಣ್ಯ ಅರ್ಧವೇ ಮಾತಾಡುತ್ತದೆ

ವಿರೋಧವಾಗಿ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಪೂರ್ತಿ ಮನಸ್ಸಿನಿಂದ ಅಲ್ಲ. ಹಳೆಯ ನಾಣ್ಯ ಕಂಡರೆ ನನಗೂ ಆಸೆಯೇ. ಆದರೂ ಹೇಳಬೇಕಾದ್ದು ಇದೆ.

1933ರಲ್ಲಿ ಇರಾನಿನ ಪರ್ಸೆಪೊಲಿಸ್‌ನಲ್ಲಿ ಅಪಾದಾನ ಎಂಬ ಸಭಾಭವನದ ಮೂಲೆ ಅಗೆದಾಗ ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ಒಳಗೆ ಪರ್ಷಿಯಾದ ಪ್ರಾಚೀನ ದೊರೆ ಡೇರಿಯಸ್ ಬರೆಸಿದ ಚಿನ್ನ, ಬೆಳ್ಳಿಯ ಫಲಕಗಳು. ಪೆಟ್ಟಿಗೆಯ ಅಡಿಯಲ್ಲಿ ನಾಣ್ಯಗಳು. ಚಿನ್ನದವು ಲಿಡಿಯಾದ (ಇಂದಿನ ಟರ್ಕಿಯ ಭಾಗ) ರಾಜ ಕ್ರೀಸಸ್‌ನ ಮಾದರಿಯವು. ಬೆಳ್ಳಿಯವು ಗ್ರೀಕ್ ನಾಣ್ಯಗಳು. ಬಿಲ್ಲುಗಾರ ರಾಜನ ಚಿತ್ರವಿರುವ, ಡೇರಿಯಸ್‌ನ ಹೆಸರನ್ನೇ ಹೊತ್ತ ಡಾರಿಕ್ ಎಂಬ ಚಿನ್ನದ ನಾಣ್ಯ ಅಲ್ಲಿ ಒಂದೂ ಇರಲಿಲ್ಲ. ತಳಪಾಯ ಹಾಕಿದಾಗ ಡಾರಿಕ್ ಇನ್ನೂ ಹುಟ್ಟಿರಲಿಲ್ಲ ಎಂದು ವಿದ್ವಾಂಸರು ತರ್ಕಿಸಿದ್ದು ಇದರಿಂದಲೇ. ಅವೇ ನಾಣ್ಯ ಒಂದೊಂದಾಗಿ ಮೇಳದ ಮೇಜಿಗೆ ಬಂದಿದ್ದರೆ ಈ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ. ಜತೆಗೆ ಏನಿತ್ತು, ಏನಿರಲಿಲ್ಲ, ಯಾವ ಕಲ್ಲಿನ ಕೆಳಗಿತ್ತು ಎಂಬುದು ಮುಖ್ಯ.

ಅಫ್ಘಾನಿಸ್ತಾನದ ಮೀರ್ ಜಕಾದಲ್ಲಿ 1990ರ ದಶಕದಲ್ಲಿ ಒಂದು ಬಾವಿಯಿಂದ ಟನ್‌ಗಟ್ಟಲೆ ಹಳೆಯ ನಾಣ್ಯ ಎತ್ತಿದರು. ಅವು ಮೂಟೆಗಳಲ್ಲಿ ಪೇಶಾವರದ ಬಜಾರಿಗೆ ಹೋದವು. ಕೊಳ್ಳುವವರಿದ್ದರು, ಅದಕ್ಕೇ ಅಗೆದರು. ಭೂತಗನ್ನಡಿ ಹಿಡಿದು ಪುಲಕೇಶಿಯನ್ನು ನೆನೆದು ಕಣ್ಣು ತುಂಬಿಕೊಂಡರೆ ಆ ಬಾವಿಯ ಚರಿತ್ರೆ ವಾಪಸ್ ಬರುವುದಿಲ್ಲ.

ಇದು ನನಗೆ ದೂರದ ಮಾತಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ವಿಜಯಪುರದ ಕಡೆ ನಮ್ಮ ಸೋದರಮಾವ ಮನೆ ಕಟ್ಟಲು ಬುನಾದಿ ತೋಡಿಸಿದರು. ಒಂದು ಗಡಿಗೆ ಒಡೆಯಿತು. ತುಂಬ ಬೆಳ್ಳಿ ಬಿಲ್ಲೆಗಳು, ಮೇಲೆ ಅರಬ್ಬಿ ಥರದ ಅಕ್ಷರ. ಸರ್ಕಾರಕ್ಕೆ ತಿಳಿಸಬೇಕು ಎಂದು ಹೇಳಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಅಗೆದವರು ಹಿಡಿ ಹಿಡಿ ಹಂಚಿಕೊಂಡರು. ಮಾವನ ಪಾಲು ಪತ್ತಾರರ ಮೂಸೆಗೆ ಹೋಯಿತು. ಅತ್ತೆಗೆ ಕಾಲ್ಗಡಗ ಆಯಿತು. ಗಡಿಗೆಯ ಚೂರುಗಳನ್ನು ಕಲ್ಲುಮಣ್ಣಿನ ಜೊತೆ ಬುನಾದಿಗೇ ತುಂಬಿದರು. ಎಷ್ಟಿದ್ದವು, ಯಾವ ಸುಲ್ತಾನನವು, ಗಡಿಗೆ ಎಂಥದ್ದು? ಹೋದ ವರ್ಷ ಕೇಳಿದೆ. ಮಾವನಿಗೆ ನೆನಪಿಲ್ಲ.

ಒಂದೇ ಒಂದು ಬಿಲ್ಲೆ ಅತ್ತೆಯ ಕುಂಕುಮದ ಭರಣಿಯಲ್ಲಿ ಉಳಿದಿದೆ. ‘ನಿನಗ ಬೇಕೇನಪಾ, ತಗೊಂಡು ಹೋಗು’ ಎಂದು ಅತ್ತೆ ನನ್ನ ಕೈಯಲ್ಲಿಟ್ಟರು. ತುಂಬಾ ಹೊತ್ತು ಹಿಡಿದುಕೊಂಡೆ. ಆಮೇಲೆ ಭರಣಿಗೇ ಹಾಕಿ ಬಂದೆ.