ಟಿಕೆಟ್ ಹುಮನಾಬಾದಿಗೆ, ಇಳಿದದ್ದು ಕಮಲಾಪುರದಲ್ಲಿ

ಕಲಬುರಗಿ ಬಸ್‌ಸ್ಟ್ಯಾಂಡಿನಿಂದ ನಮ್ಮೂರು ಕಮಲಾಪುರಕ್ಕೆ ಒಂದು ತಾಸಿನ ದಾರಿ. ಕಾಲೇಜಿನ ದಿನಗಳಲ್ಲಿ ಎಷ್ಟೋ ಸಲ ನಾನು ಹುಮನಾಬಾದಿಗೆ ಟಿಕೆಟ್ ತಗೊಂಡು ಕಮಲಾಪುರದಲ್ಲಿ ಇಳಿದಿದ್ದೇನೆ. ಕಂಡಕ್ಟರ್ ಬಂದು 'ಎಲ್ಲಿಗ್ರೀ?' ಅಂದರೆ 'ಕ' ಹೊರಗೆ ಬರುತ್ತಿರಲಿಲ್ಲ. ನಾಲಿಗೆಯ ಬುಡ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಉಸಿರು ನಿಲ್ಲುತ್ತಿತ್ತು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. 'ಹುಮನಾಬಾದ್' ಮಾತ್ರ ಸಲೀಸಾಗಿ ಬರುತ್ತಿತ್ತು. ಜಾಸ್ತಿ ದುಡ್ಡು ಕೊಟ್ಟು ಅದನ್ನೇ ಹೇಳುತ್ತಿದ್ದೆ. ಅಪ್ಪ ತೊಗರಿ ಮಾರಿ ಕೊಟ್ಟ ದುಡ್ಡು ಅದು.

2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ನಾನು ಗುಲ್ಬರ್ಗಾ ಅನ್ನುತ್ತಲೇ ಉಳಿದೆ. 'ನಿನಗ ಕನ್ನಡದ ಅಭಿಮಾನ ಇಲ್ಲೇನಲೇ?' ಅಂತ ಗೆಳೆಯನೊಬ್ಬ ಬೈದ. ಇತ್ತು. ಆದರೆ 'ಕ' ಬರುತ್ತಿರಲಿಲ್ಲ. ಅದನ್ನು ಅವನಿಗೆ ಹೇಳಲಾಗದೆ ಸುಮ್ನೆ ಬೈಸಿಕೊಂಡೆ.

ಹೀಗೆ ಪದ ಬದಲಾಯಿಸುವುದರಲ್ಲಿ ಎಷ್ಟು ಪಳಗಿದ್ದೆ ಅಂದರೆ, ನಾನು ತೊದಲುತ್ತೇನೆ ಅಂತ ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. 'ಭಾಳ ಕಮ್ಮಿ ಮಾತಾಡ್ತಾರ' ಅನ್ನುತ್ತಿದ್ದರು. ಬಾಯಿ ತೆರೆಯುವ ಮೊದಲೇ ಮುಂದಿನ ನಾಲ್ಕು ಪದ ನೋಡಿಕೊಳ್ಳಬೇಕು. 'ಕ' ಇದ್ದರೆ ತೆಗೆದು ಬೇರೆ ಹಾಕಬೇಕು. ಊಟಕ್ಕೆ ಕೂತರೆ ಕಡಕ್ ರೊಟ್ಟಿ ಬೇಕಿದ್ದರೂ ಚಪಾತಿ ಕೇಳಬೇಕು. ಹೆಸರಿಗೆ ಮಾತ್ರ ಬದಲಿ ಪದ ಇಲ್ಲ. ನನ್ನ ಹೆಸರೂ 'ಕ'ದಿಂದಲೇ ಶುರು. ಸಂಜೆ ಮನೆಗೆ ಬಂದರೆ ಹೆಂಡತಿ ಜೊತೆ ಮಾತಾಡುವಷ್ಟೂ ತ್ರಾಣ ಇರುತ್ತಿರಲಿಲ್ಲ. ತೊದಲು ನನ್ನನ್ನು ಇಷ್ಟು ದಣಿಸಿರಲಿಲ್ಲ, ಅದನ್ನು ಮುಚ್ಚಿಡುವ ಕೆಲಸ ದಣಿಸಿತ್ತು.

ಅಮೆರಿಕದ ಮನಃಶಾಸ್ತ್ರಜ್ಞ ಜೋಸೆಫ್ ಶೀಹನ್ ತೊದಲನ್ನು ಸಮುದ್ರದಲ್ಲಿ ತೇಲುವ ಹಿಮದ ಗುಡ್ಡಕ್ಕೆ ಹೋಲಿಸಿದ್ದರು. ಜನಕ್ಕೆ ಕೇಳಿಸುವುದು ಮೇಲಿನ ತುದಿ. ನಾಚಿಕೆ, ಭಯ, ಏನೋ ತಪ್ಪು ಮಾಡಿದೆ ಅನ್ನುವ ಸಂಕಟ ಎಲ್ಲ ನೀರಿನ ಕೆಳಗೆ. ಅವರೂ ತೊದಲುತ್ತಿದ್ದವರೇ. ಅದಕ್ಕೇ ಅಷ್ಟು ಸರಿಯಾಗಿ ಹೇಳಿದ್ದಾರೆ ಅನಿಸುತ್ತೆ.

ಶಾಲೆಯಲ್ಲಿ ಬೆಳಿಗ್ಗೆ ಎಲ್ಲರ ಜೊತೆ ನಾಡಗೀತೆ ಹಾಡುವಾಗ ಒಂದಕ್ಷರವೂ ತಡೆಯುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಪಾಠ ಓದಲು ನಿಂತರೆ ಮೊದಲ ಪದಕ್ಕೇ ಸಿಕ್ಕಿಬೀಳುತ್ತಿದ್ದೆ. 'ಹಾಡ್ಲಿಕ್ಕೆ ಬರ್ತದ, ಓದ್ಲಿಕ್ಕೆ ಬರಲ್ಲೇನು? ನಾಟಕ ಮಾಡ್ತಿ?' ಅಂತ ಸರ್ ಬೆಂಚಿನ ಮೇಲೆ ನಿಲ್ಲಿಸಿದರು. ಅದು ನಾಟಕವಲ್ಲ. ಹಾಡುವಾಗ, ಗುಂಪಿನಲ್ಲಿ ಒಟ್ಟಿಗೆ ಓದುವಾಗ ನಮ್ಮಂಥವರ ಮಾತು ಹೆಚ್ಚಾಗಿ ತಡೆಯುವುದಿಲ್ಲ. ಮಿದುಳು ಮಾತನ್ನು ಹೊಂದಿಸುವ ರೀತಿಯಲ್ಲೇ ಸ್ವಲ್ಪ ವ್ಯತ್ಯಾಸ ಇರುತ್ತೆ. ಮನೆತನದಲ್ಲೂ ಬರುತ್ತೆ, ನಮ್ಮಜ್ಜನೂ ತೊದಲುತ್ತಿದ್ದನಂತೆ. 'ಧೈರ್ಯ ತಂದ್ಕೋ' ಅನ್ನುವವರಿಗೆ ಇದನ್ನೇ ಹೇಳಬೇಕು. ಭಯದಿಂದ ತೊದಲು ಬರುವುದಿಲ್ಲ. ನಗುವವರನ್ನು ನೋಡಿ ನೋಡಿ ಭಯ ಆಮೇಲೆ ಬರುತ್ತೆ.

ದೊಡ್ಡವರಲ್ಲಿ 100ಕ್ಕೆ ಸುಮಾರು ಒಬ್ಬರು ತೊದಲುತ್ತಾರೆ. ಅಂದರೆ ಕಲಬುರಗಿ ಶಹರದಲ್ಲೇ ಸಾವಿರಾರು ಜನ ಇರಬೇಕು, ಅಲ್ವಾ? ಕಾಣಿಸುತ್ತಾರಾ? ನನ್ನ ಹಾಗೇ ಮುಚ್ಚಿಟ್ಟುಕೊಂಡಿದ್ದಾರೆ.

'ತೊದಲನ್ನು ಒಪ್ಪಿಕೊಂಡೆ' ಅಂದಾಗ ಮನೆಯವರು ಕೈಚೆಲ್ಲಿದೆ ಅಂದುಕೊಂಡರು. ಹಾಗಲ್ಲ. ಸ್ಪೀಚ್ ಥೆರಪಿಸ್ಟ್ ನನಗೆ ಹೇಳಿಕೊಟ್ಟ ಮೊದಲ ಪಾಠವೇ ಬೇಕಂತ ತೊದಲುವುದು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಒಂದು ಅಂಗಡಿ ಮುಂದೆ ನಿಂತು 'ಕ-ಕ-ಕಡ್ಲಿ' ಅಂದೆ. ಅಂಗೈ ಬೆವೆತಿತ್ತು. ಆತ ತಕ್ಕಡಿ ಎತ್ತಿಕೊಂಡು 'ಅರ್ಧ ಕಿಲೋನಾ, ಪಾವ್ ಕಿಲೋನಾ?' ಅಂದ. ಅಷ್ಟೇ. ಇಪ್ಪತ್ತು ವರ್ಷ ಹೆದರಿದ್ದು ಇದಕ್ಕಾ ಅನಿಸಿ ಕಣ್ಣಲ್ಲಿ ನೀರು ಬಂತು.

ಈಗಲೂ ತೊದಲುತ್ತೇನೆ. ಕಂಡಕ್ಟರ್ ಮುಂದೆ 'ಕ' ಈಗಲೂ ಹಿಡಿಯುತ್ತೆ. ಕಣ್ಣು ಮುಚ್ಚದೆ, ಅದು ಬರುವ ತನಕ ಇರುತ್ತೇನೆ. ನೋಡುವವರು ನೋಡಲಿ.

ಇದನ್ನೆಲ್ಲ ಈಗ ಬರೆಯಲು ಕಾರಣ ತಂಗಿಯ ಮಗ. ನಾಲ್ಕು ವರ್ಷ. ಎರಡು ತಿಂಗಳಿಂದ ತೊದಲುತ್ತಿದ್ದಾನೆ. ಅವರ ಮನೆಯಲ್ಲಿ ಬಜೆ ತೇದು ನಾಲಿಗೆಗೆ ಹಚ್ಚುತ್ತಿದ್ದಾರೆ. ಯಾರಾದರೂ ಬಂದರೆ 'ಸುಮ್ಮ ಕೂಡು' ಅನ್ನುತ್ತಾರೆ. ನನಗೆ ಬಜೆಗಿಂತ ಆ 'ಸುಮ್ಮ ಕೂಡು' ನೋವು ಕೊಡುತ್ತೆ. ಮುಚ್ಚಿಡುವುದನ್ನು ಮಗು ಅಲ್ಲೇ ಕಲಿಯುತ್ತೆ. ಈ ವಯಸ್ಸಿನಲ್ಲಿ ಶುರುವಾದ ತೊದಲು ನಾಲ್ಕರಲ್ಲಿ ಸುಮಾರು ಮೂರು ಮಕ್ಕಳಿಗೆ ಹೋಗಿಬಿಡುತ್ತೆ. ಇವನದೂ ಹೋಗಬಹುದು, ಉಳಿಯಲೂಬಹುದು. ಮನೆತನದಲ್ಲಿ ಇರುವುದರಿಂದ ಕಾಯದೆ ಥೆರಪಿಸ್ಟ್‌ಗೆ ತೋರಿಸು ಅಂತ ತಂಗಿಗೆ ಹೇಳಿದ್ದೇನೆ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ನಮಗೆ ಅದು ರಾಜ್ಯದ ಆ ತುದಿ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ವಾರಕ್ಕೊಮ್ಮೆಯಾದರೂ ಥೆರಪಿಸ್ಟ್ ಬರಲೇಬೇಕು.

ಹೋದ ರವಿವಾರ ನನ್ನ ತೊಡೆ ಮೇಲೆ ಕೂತು ಅವನು ಏನೋ ಹೇಳಲು ಶುರು ಮಾಡಿದ. 'ಮಾಮಾ, ಎ-ಎ-ಎ...' ತಂಗಿ ಅವನ ಮಾತು ತಾನೇ ಮುಗಿಸಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಅವನು ಉಸಿರು ಎಳೆದುಕೊಂಡ.

'ಎ-ಎಮ್ಮಿ ಕರ ಹಾಕ್ಯಾದ, ಮಾಮಾ. ಅದ್ರ ಹಣಿ ಮ್ಯಾಲ ಬಿಳಿ ಚುಕ್ಕಿ ಅದ.'