ಕಣ್ಣು ಮಿಟುಕಿಸಿ, ಅಜ್ಜಾ

ನವೆಂಬರ್ ಬಂತೆಂದರೆ ಶಿರಸಿ ಸೀಮೆಯಲ್ಲಿ ಎರಡು ಕೆಲಸ ಶುರು. ಒಂದು ಅಡಿಕೆ ಕೊನೆ (ಗೊನೆ) ಕೊಯ್ಲು. ಇನ್ನೊಂದು, ಪಿಂಚಣಿ ತೆಗೆದುಕೊಳ್ಳುವ ಹಿರಿಯರೆಲ್ಲ ತಾವಿನ್ನೂ ಸತ್ತಿಲ್ಲ ಎಂದು ಸಾಬೀತು ಮಾಡುವುದು. ಮೊದಲನೆಯದಕ್ಕೆ ಆಳು ಸಿಗುವುದಿಲ್ಲ, ಎರಡನೆಯದಕ್ಕೆ ನೆಟ್‌ವರ್ಕ್ ಸಿಗುವುದಿಲ್ಲ.

ಈ ಜೀವಂತ ಪ್ರಮಾಣಪತ್ರ ಡಿಜಿಟಲ್ ಆದದ್ದು 2014ರ ನವೆಂಬರ್‌ನಲ್ಲಿ. ಮೊದಮೊದಲು ಹೆಚ್ಚಿನವರು ಬೆರಳು ಒತ್ತಬೇಕಿತ್ತು. ನಮ್ಮ ಕಡೆಯ ಬೆರಳುಗಳ ಕಥೆ ಗೊತ್ತಲ್ಲ. ಜನ್ಮವಿಡೀ ಮೆಟ್ಟುಗತ್ತಿ ಎದುರು ಕೂತು ಅಡಿಕೆ ಸುಲಿದವರ ಬೆರಳಲ್ಲಿ ಗೆರೆಗಿಂತ ಚೊಗರೇ ಜಾಸ್ತಿ. ಘಟ್ಟದ ಕೆಳಗೆ ಅಂಕೋಲಾ, ಕಾರವಾರದಲ್ಲಿ ಮೀನು ಕೊಯ್ದೂ ಕೊಯ್ದೂ ಗೆರೆ ಸವೆದವರಿದ್ದಾರೆ. 2021ರಿಂದ ಮೊಬೈಲಿಗೆ ಮುಖ ತೋರಿಸಿದರೂ ನಡೆಯುತ್ತದೆ, ಆಧಾರ್ ಫೋಟೋಗೆ ಹೊಂದಿದರೆ ಆಯಿತು ಎಂದರು. ಆದರೆ ಬರೀ ಮುಖ ಸಾಲದು, ಕಣ್ಣು ಮಿಟುಕಿಸಬೇಕು. ಯಾರೂ ಫೋಟೋ ಹಿಡಿದು ಮೋಸ ಮಾಡಬಾರದಲ್ಲ, ಅದಕ್ಕೆ.

ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 1637ರಲ್ಲಿ "ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ" ಎಂದು ಬರೆದು ದೊಡ್ಡ ಮನುಷ್ಯನಾದ. ಪಾಪ, ಯೋಚನೆಯ ಗೋಜೇ ಬೇಕಿರಲಿಲ್ಲ. ಮಿಟುಕಿಸುತ್ತೇನೆ, ಆದ್ದರಿಂದ ಪಿಂಚಣಿ ಇದೆ.

ನಮ್ಮೂರ ಪೋಸ್ಟ್ ಹೆಗಡೇರಿಗೆ ಈಗ 79. ಅಂಚೆ ಇಲಾಖೆಯಲ್ಲಿ ನಿವೃತ್ತರಾದವರು. ಹಳ್ಳ ದಾಟಿ, ಸಂಕ ದಾಟಿ ಮನೆಮನೆಗೆ ಮನಿಯಾರ್ಡರ್ ಮುಟ್ಟಿಸಿದವರು. ಯಾರ ಮಗ ಯಾರು, ಯಾವ ಮನೆಗೆ ಯಾವ ಊರಿನ ಸೊಸೆ ಬಂದಿದ್ದಾಳೆ, ಎಲ್ಲ ಬಾಯಿಪಾಠ. ಮುಖ ನೋಡಿ ದುಡ್ಡು ಎಣಿಸಿ ಕೈಗಿಡುತ್ತಿದ್ದರು. ಒಬ್ಬರಿಗೂ ಮಿಟುಕಿಸಿ ಎಂದವರಲ್ಲ.

ಅವರ ಮನೆಯಲ್ಲಿ ಸಿಗ್ನಲ್ ಇಲ್ಲ. ಸೊಪ್ಪಿನಬೆಟ್ಟ ಹತ್ತಿ, ನೇರಳೆ ಮರದ ಬುಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ಬರುತ್ತದೆ. ಬೆಳಗಿನ ಬಿಸಿಲು ನೇರ ಕಣ್ಣಿಗೇ ಹೊಡೆಯುವುದರಿಂದ ಮಿಟುಕಿಸುವುದಕ್ಕೇನೂ ಕೊರತೆ ಇಲ್ಲ. ಪಕ್ಕದ ಮನೆ ಮಾಣಿ ಮೊಬೈಲ್ ಹಿಡಿದ. ಕನ್ನಡಕ ತೆಗೆಸಿದ, ಟೊಪ್ಪಿ ತೆಗೆಸಿದ. ಹೆಗಡೇರು ಮಿಟುಕಿಸಿದರು. ಪರದೆಯ ಮೇಲೆ ಉಂಗುರ ತಿರುಗಿ ತಿರುಗಿ, ಮುಖ ಹೊಂದುತ್ತಿಲ್ಲ ಎಂದಿತು.

"ತಮಾ, ಆನು ಇಲ್ಲೇ ಇದ್ದಿ. ನಿಂಗೆ ಕಾಣ್ತಿಲ್ಯ?"

"ಯಂಗೆ ಕಾಣ್ತು ಅಜ್ಜಾ. ಇದ್ಕೆ ಕಾಣ್ತಿಲ್ಲೆ."

ಇಂಥ ಜಗಳ ಬಗೆಹರಿಸಲು ನಾವು ದೂರ ಹೋಗಬೇಕಿಲ್ಲ. ನಮ್ಮ ತಾಲ್ಲೂಕಿನ ಸೋಂದಾ ಒಂದರಲ್ಲೇ ಮೂರು ಮಠಗಳಿವೆ. ಅದ್ವೈತದ ಸ್ವರ್ಣವಲ್ಲಿ, ದ್ವೈತದ ವಾದಿರಾಜ ಮಠ, ಜೈನರ ಸ್ವಾದಿ ಮಠ. ಅದ್ವೈತಿಯನ್ನು ಕೇಳಿದರೆ ಮುಖವೂ ಮಾಯೆ, ಮೊಬೈಲೂ ಮಾಯೆ, ಸುಮ್ನೆ ಮನೆಗೆ ಹೋಗಿ ಎನ್ನಬಹುದು. ದ್ವೈತಿಗೆ ಜೀವ ಬೇರೆ, ಜಡ ಬೇರೆ. ಆಧಾರ್ ಫೋಟೋ ಹೆಗಡೇರಾಗುವುದು ಹೇಗೆ? ಯಂತ್ರ ಹೇಳಿದ್ದೇ ಸರಿ. ಜೈನರದ್ದು ಸ್ಯಾದ್ವಾದ, ಒಂದು ದೃಷ್ಟಿಯಲ್ಲಿ ಇದ್ದಾರೆ, ಇನ್ನೊಂದು ದೃಷ್ಟಿಯಲ್ಲಿ ಇಲ್ಲ. ಸರ್ವರ್ ಈ ಮೂರನ್ನೂ ಒಪ್ಪಿ, ಮೇಲೆ ಪುನರ್ಜನ್ಮವನ್ನೂ ಸೇರಿಸುತ್ತದೆ: ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ.

ಬೆಟ್ಟ ಇಳಿದು ಪೇಟೆಗೆ, ಪಿಂಚಣಿ ಕೊಡುವಲ್ಲಿಗೆ ಹೋದರು. ಖುದ್ದಾಗಿ ಹೋದರೆ ಕಾಗದದ ಮೇಲೂ ಆಗುತ್ತದೆ, ನಿಯಮ ಇದೆ. ಕೌಂಟರಿನವರಿಗೆ ಹೆಗಡೇರ ಗುರುತು ಚೆನ್ನಾಗಿಯೇ ಇತ್ತು. "ಹೆಗಡೇರೇ, ಆರಾಮಾ? ಮಗ ಬೆಂಗಳೂರಲ್ಲೇ ಇದ್ದಾನಾ?" ಎಂದು ವಿಚಾರಿಸಿ ಕುರ್ಚಿ ಕೊಟ್ಟರು. ಆಮೇಲೆ ಸ್ಕ್ರೀನ್ ನೋಡಿ "ಸಿಸ್ಟಮ್ ತಗೋತಾ ಇಲ್ವಲ್ಲ. ಮೊಬೈಲಲ್ಲೇ ಮಾಡಿಸಿ, ಅದೇ ಸುಲಭ" ಎಂದರು.

1980ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ ಒಂದು ಕೋಣೆ ಕಲ್ಪಿಸಿಕೊಂಡಿದ್ದರು. ಒಳಗೆ ಕೂತವನಿಗೆ ಚೀನೀ ಭಾಷೆಯ ಒಂದಕ್ಷರವೂ ಬಾರದು. ಕಿಂಡಿಯಲ್ಲಿ ಚೀನೀ ಚೀಟಿ ಬರುತ್ತದೆ. ಅವನು ನಿಯಮದ ಪುಸ್ತಕ ನೋಡಿ ಉತ್ತರದ ಚೀಟಿ ಆಚೆ ತಳ್ಳುತ್ತಾನೆ. ಹೊರಗಿನವರು ಇವನಿಗೆ ಚೀನೀ ಬರುತ್ತದೆ ಅಂದುಕೊಳ್ಳುತ್ತಾರೆ. ಕಂಪ್ಯೂಟರೂ ಹೀಗೇ, ಏನೂ ಅರ್ಥವಾಗದೆ ಉತ್ತರ ಕೊಡುತ್ತದೆ ಎಂದು ಸರ್ಲ್ ವಾದ. ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಆ ಕೋಣೆಗೆ ಕೌಂಟರ್ ಇದೆ, ಟೋಕನ್ ಕೊಡುತ್ತಾರೆ, ಒಂದೂವರೆಗೆ ಊಟದ ಬಿಡುವು. ಮತ್ತು ಅಲ್ಲಿ ಮನಸ್ಸು ಅಂತ ಇರುವುದು ಸಿಸ್ಟಮ್ ಒಂದಕ್ಕೇ. ಅದು ಕೇಳುತ್ತದೆ, ಒಪ್ಪುತ್ತದೆ, ಒಲ್ಲೆ ಎನ್ನುತ್ತದೆ, ಮಧ್ಯಾಹ್ನದ ಮೇಲೆ ಸುಸ್ತಾಗುತ್ತದೆ. ಎದುರು ಕೂತ ಮನುಷ್ಯರಿಗೆ ಅಭಿಪ್ರಾಯವೇ ಇಲ್ಲ.

ಪರಿಹಾರ ಹುಡುಕಲು ಮಾಣಿ ಯಾವುದೋ ವೆಬ್‌ಸೈಟಿಗೆ ಹೋದ. ಅದು ಇವನನ್ನೇ ರೋಬೋಟ್ ಇರಬಹುದು ಎಂದು ಅನುಮಾನಿಸಿ, ಚಿತ್ರಗಳಲ್ಲಿ ಬೆಂಕಿ ಆರಿಸುವ ನಲ್ಲಿ ಎಲ್ಲಿದೆ ತೋರಿಸು ಎಂದಿತು. ಬೆಟ್ಟಕ್ಕೆ ಬೆಂಕಿ ಬಿದ್ದರೆ ಹಸಿ ಸೊಪ್ಪಿನಲ್ಲಿ ಬಡಿದು ಆರಿಸುವವರು ನಾವು. ಅಮೆರಿಕದ ರಸ್ತೆ ಬದಿಯ ಕೆಂಪು ನಲ್ಲಿ ನಮಗೆಲ್ಲಿ ಗೊತ್ತು? ಇಂಗ್ಲೆಂಡಿನ ಗಣಿತಜ್ಞ ಟ್ಯೂರಿಂಗ್ 1950ರಲ್ಲಿ, ಮನುಷ್ಯನ ಹಾಗೆ ಉತ್ತರ ಕೊಡಲು ಬರುತ್ತದಾ ಎಂದು ಪರೀಕ್ಷೆ ಇಟ್ಟಿದ್ದು ಯಂತ್ರಕ್ಕೆ, ತೀರ್ಪು ಕೊಡಬೇಕಾದವನು ಮನುಷ್ಯ. ಈಗ ಕುರ್ಚಿ ಅದಲುಬದಲು. ತಮಾಷೆ ಎಂದರೆ, ಇಂಥ ಒಗಟನ್ನು ಮನುಷ್ಯರಿಗಿಂತ ಬಾಟ್‌ಗಳೇ (ತಾವಾಗಿ ಕೆಲಸ ಮಾಡುವ ಕಂಪ್ಯೂಟರ್ ಪ್ರೋಗ್ರಾಮ್‌ಗಳೇ) ಬೇಗ, ಸರಿಯಾಗಿ ಬಿಡಿಸುತ್ತವೆ ಎಂದು 2023ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರೇ ಹೇಳಿದ್ದಾರೆ. ಅಂದರೆ ಫೇಲಾದವನೇ ಗ್ಯಾರಂಟಿ ಮನುಷ್ಯ, ಅವನನ್ನೇ ಒಳಗೆ ಬಿಡುವುದಿಲ್ಲ.

2022ರಲ್ಲಿ ಗೂಗಲ್‌ನ ಎಂಜಿನಿಯರ್ ಒಬ್ಬರು ಕಂಪನಿಯ ಲ್ಯಾಮ್ಡಾ ಎಂಬ ಮಾತಾಡುವ ಯಂತ್ರಕ್ಕೆ ಪ್ರಜ್ಞೆ ಇದೆ ಎಂದು ಜಗತ್ತಿಗೆಲ್ಲ ಸಾರಿದರು. ಕೆಲಸ ಹೋಯಿತು. ಒಂದು ಯಂತ್ರದ ಪರ ಸಾಕ್ಷಿ ಹೇಳಲು ಒಬ್ಬ ಮನುಷ್ಯ ನೌಕರಿ ಪಣಕ್ಕಿಟ್ಟ. ಹೆಗಡೇರಿಗೆ ಜೀವ ಇದೆ ಎಂದು ಒಂದು ಸಹಿ ಹಾಕಿ ಎಂದರೆ ಪೆನ್ನಿನ ಮುಚ್ಚಳ ತೆಗೆಯುವವರಿಲ್ಲ.

ಕೊನೆಗೂ ಆಯಿತು ಅನ್ನಿ. ಮರುದಿನ ಅದೇ ನೇರಳೆ ಮರ, ಅದೇ ಮುಖ, ಅದೇ ಮಿಟುಕು. ಯಂತ್ರ ಒಪ್ಪಿಬಿಟ್ಟಿತು. ಹಾಗಾದರೆ ನಿನ್ನೆ ನಾನು ಯಾಕೆ ಸತ್ತಿದ್ದೆ ಎಂದು ಹೆಗಡೇರು ಕೇಳಿದರು. ಮಾಣಿ ಸರ್ವರ್ ಇರುವ ಕಡೆ ಕೈ ತೋರಿಸಲು ಹೋಗಿ ಆಕಾಶ ತೋರಿಸಿದ.

ಸರಕಾರಕ್ಕೆ ಕರುಣೆಯೇ ಇಲ್ಲ ಎನ್ನುವ ಹಾಗೂ ಇಲ್ಲ. ಕೇಂದ್ರದ ಪಿಂಚಣಿದಾರರಿಗೆ 80 ದಾಟಿದರೆ ರಿಯಾಯಿತಿ ಇದೆ. ನವೆಂಬರ್‌ವರೆಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಬದುಕಿರಬಹುದು. ಹೆಗಡೇರಿಗೆ ಬರುವ ಶ್ರಾವಣಕ್ಕೆ 80 ತುಂಬುತ್ತದೆ. "ಒಂದು ತಿಂಗ್ಳು ಜಾಸ್ತಿ ಸಿಗ್ತು ತಮಾ" ಎಂದು ಈಗಲೇ ಖುಷಿಯಲ್ಲಿದ್ದಾರೆ.