ಮೀನು ಬಿಟ್ಟರೆ ಮರಿಗಳು ಉಳಿಯಲ್ಲ
ಸೊಳ್ಳೆ ಕಾಟಕ್ಕೆ ಹಿತ್ತಲ ಕೊಳದಲ್ಲಿ ಗ್ಯಾಂಬೂಸಿಯಾ ಮೀನು ಬಿಡಿ, ಏರೋಪ್ಲೇನ್ ಚಿಟ್ಟೆಗಳೂ ತಾವಾಗಿ ಬರುತ್ತವೆ ಎಂದು ಬರೆದಿದ್ದೀರಿ. ಎರಡೂ ಒಟ್ಟಿಗೆ ಆಗುವ ಮಾತಲ್ಲ. ಚಿಟ್ಟೆ ಬರುತ್ತದೆ, ಬಾಲ ನೀರಿಗೆ ಅದ್ದಿ ಮೊಟ್ಟೆಯನ್ನೂ ಇಡುತ್ತದೆ, ನಿಜ. ಆದರೆ ಮೊಟ್ಟೆಯೊಡೆದು ಬಂದ ಮರಿ ಎಳ್ಳಿಗಿಂತ ಚಿಕ್ಕದು. ಈ ಮೀನು ಅದನ್ನು ಬಿಡುತ್ತಾ? 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದ ಮೀನು ಇದು. ಬರೀ ಸೊಳ್ಳೆಮರಿ ತಿನ್ನುತ್ತೇನೆ ಅಂತ ಅದೇನೂ ಬರೆದುಕೊಟ್ಟಿಲ್ಲ.

ಸೊಳ್ಳೆಮರಿ ತಿನ್ನಲು ಚಿಟ್ಟೆಯ ಮರಿಯೇ ಇದೆಯಲ್ಲ. ನಮ್ಮ ಮನೆ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ನೋಡಿದ್ದೇನೆ. ಕೆಸರಲ್ಲಿ ಅಲ್ಲಾಡದೆ ಕೂತಿರುತ್ತದೆ, ಸೊಳ್ಳೆಮರಿ ಹತ್ತಿರ ಬಂದದ್ದೇ ತಡ, ಮುಖದ ಕೆಳಗೆ ಮಡಚಿಟ್ಟ ಕೆಳದುಟಿ ಚಾಚಿ ಹಿಡಿದುಬಿಡುತ್ತದೆ. ಹೆದರಿದರೆ ಹಿಂಭಾಗದಿಂದ ನೀರು ಚಿಮ್ಮಿಸಿ ಮುಂದಕ್ಕೆ ಜಿಗಿಯುತ್ತದೆ. (ದೊಡ್ಡದಾದ ಮೇಲೆ ಕಪ್ಪೆಮರಿಗಳನ್ನೂ ಬಿಡಲ್ಲ, ಅದೊಂದು ಬೇಜಾರು.)

ಅಂಚಿನ ಗಿಡಗಳನ್ನು ಪೂರ್ತಿ ಕತ್ತರಿಸಿ ಎಂಬ ಸಲಹೆಯೂ ಬೇಡವಾಗಿತ್ತು. ರೆಕ್ಕೆ ಬಿಚ್ಚುವ ಹೊತ್ತಿಗೆ ಮರಿಗೆ ಹತ್ತಿ ಕೂರಲು ನೀರಿಂದ ಮೇಲೆದ್ದ ದಂಟು ಬೇಕು. ಅಲ್ಲೇ ಪೊರೆ ಬಿಟ್ಟು ಹಾರುತ್ತದೆ. ಆ ಒಣ ಪೊರೆಯಿಂದ ಇಣುಕುವ ಬಿಳಿ ದಾರಗಳು ಉಸಿರಾಟದ ಕೊಳವೆಯ ಒಳಪದರ. ಜೊಂಡು ಇಲ್ಲದಿದ್ದರೆ ನಾಲ್ಕು ಬಿದಿರು ಕಡ್ಡಿ ನೆಟ್ಟರೂ ನಡೆಯುತ್ತದೆ.